ಬಿಟ್ಟ ಊರಿನ ಹೆಸರು

ಅವರ ಕನ್ನಡಕದ ಗಾಜಿನ ಮೇಲೆ ಯಾವಾಗಲೂ ಉಪ್ಪಿನ ತೆಳುವಾದ ಪೊರೆ ಇರುತ್ತಿತ್ತು. ಮನೆಗೂ ಕಡಲಿಗೂ ನಡುವೆ ಎರಡೇ ಬೀದಿ. ಗಾಳಿ ಉಪ್ಪನ್ನು ತಂದು ಕಿಟಕಿಯ ಸರಳು, ಸೈಕಲ್ಲಿನ ಚೈನು, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರಿಸುತ್ತಿತ್ತು. ಯಾರಾದರೂ ಮಾತಾಡಿಸಿದರೆ ಅವರು ಮೊದಲು ಕನ್ನಡಕ ತೆಗೆದು, ಫ್ರಾಕಿನ ಅಂಚಿನಿಂದ ಗಾಜುಗಳನ್ನು ಒಂದೊಂದಾಗಿ ಒರೆಸಿ, ಮತ್ತೆ ಹಾಕಿಕೊಂಡು, ಎದುರಿಗಿದ್ದವರನ್ನು ಚೆನ್ನಾಗಿ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದರು. ಮೀನು ಮಾರುವವಳೂ ಬುಟ್ಟಿ ಇಳಿಸಿಕೊಂಡು ಅಷ್ಟು ಹೊತ್ತು ಕಾಯುತ್ತಿದ್ದಳು. ಕನ್ನಡಕವಿಲ್ಲದ ಆ ಗಳಿಗೆಯಲ್ಲಿ ಅವರ ಕಣ್ಣು ನಮ್ಮನ್ನು ದಾಟಿ ಎಲ್ಲಿಗೋ ಹೋಗಿ ಬರುತ್ತಿತ್ತು. ಅದರ ಬಣ್ಣ ಬೂದಿಯೋ ತಿಳಿಗಂದೋ ಎಂದು ನನಗೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಚೆನ್ನೈನ ಉತ್ತರ ತುದಿಯ ತಿರುವೊಟ್ಟಿಯೂರಿನ ಆ ಮನೆಯ ಮಹಡಿಗೆ ನಾವು ಬಾಡಿಗೆಗೆ ಹೋದದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ. ಅಪ್ಪನಿಗೆ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಅಪ್ಪ, ಅಮ್ಮ, ಅಪ್ಪನ ತಾಯಿ, ನಾನು ಮೈಸೂರಿನಿಂದ ಬಂದಿದ್ದೆವು. ಕೆಳಗಿನ ಮನೆಯಲ್ಲಿ ಮಾಲೀಕರು ಒಬ್ಬರೇ ಇದ್ದರು. ಆಂಗ್ಲೋ ಇಂಡಿಯನ್ ಹೆಂಗಸು, ಮದುವೆಯಾಗಿರಲಿಲ್ಲ, ಕಾನ್ವೆಂಟಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಮಿಸ್ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅಜ್ಜಿ ಮಾತ್ರ ಅದಕ್ಕೆ ಕನ್ನಡದ ಬಾಲ ಸೇರಿಸಿ ಮಿಸ್ಸು ಎಂದರು.

ಗೇಟಿಗೆ ಒಂದು ಮರದ ಹಲಗೆ ಇತ್ತು. ಕಪ್ಪು ಬಣ್ಣದ ಮೇಲೆ ಬಿಳಿಯ ಅಕ್ಷರಗಳಲ್ಲಿ ಅವರ ಮನೆತನದ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಅಪರೂಪದ ಹೆಸರು ಅದು, ಬರೆದರೆ ಬೆರಳು ಮಾಡಿ ತೋರಿಸಿದ ಹಾಗಾಗುತ್ತದೆ. ಅದು ಅವರಿಗೂ ಹಿಡಿಸುತ್ತಿರಲಿಲ್ಲ, ನನಗೂ ಹಿಡಿಸುವುದಿಲ್ಲ. ಅದರ ಅರ್ಥವನ್ನು ಮಾತ್ರ ಹೇಳಬಲ್ಲೆ. ಮೊದಲರ್ಧ ಹಳೆಯ ಇಂಗ್ಲಿಷಿನಲ್ಲಿ ಹಕ್ಕಿ, ಉಳಿದರ್ಧ ನೀರಿನ ಪಕ್ಕದ ಎತ್ತರದ ನೆಲ. ನಾವು ಹೋದ ಹೊಸದರಲ್ಲಿ ಅವರು ಇದನ್ನು ವಿವರಿಸಿದಾಗ ಅಜ್ಜಿ ಅಪ್ಪನಿಂದ ಅರ್ಥ ಕೇಳಿಕೊಂಡು, "ಹಾಗಂದ್ರೆ ಹಕ್ಕಿತಿಟ್ಟು ಅನ್ನಿ. ನಮ್ಮ ಕಡೆ ಊರಿದ್ದ ಹಾಗೇ ಇದೆಯಲ್ರೀ ಮಿಸ್ಸು!" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಮನೆತನ ಹಕ್ಕಿತಿಟ್ಟಿನವರದು. ಇಲ್ಲಿಯೂ ಹಾಗೇ ಇರಲಿ.

ಸಂಜೆ ಹೊತ್ತು ಅವರು ಹೊರಗಿನ ಮೆಟ್ಟಿಲ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಕೆಳಗಿನ ಮೆಟ್ಟಿಲಲ್ಲಿ ಪಾಠದ ಪುಸ್ತಕ ಹಿಡಿದು ಕೂರುತ್ತಿದ್ದೆ. ನನ್ನ ಜೊತೆ ಅವರದು ಇಂಗ್ಲಿಷು, ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿಯ ಜೊತೆ ಮಾತ್ರ ಅಜ್ಜಿಯಿಂದಲೇ ಕಲಿತ, ಮದರಾಸಿನ ತಮಿಳು ಬೆರೆತ ಕನ್ನಡ. ಅಜ್ಜಿಯನ್ನು ಅವರು ತಮಿಳಿನಲ್ಲೇ ಪಾಟಿ ಎನ್ನುತ್ತಿದ್ದರು.

ಅವರು ಹೇಳುತ್ತಿದ್ದ ಕಥೆ ಒಂದೇ. ಇಂಗ್ಲೆಂಡಿನ ಪೂರ್ವದ ಕರಾವಳಿಯಲ್ಲಿ ಆ ಹೆಸರಿನ ಒಂದು ಹಳ್ಳಿ ಇತ್ತು. ಮೆದು ಮಣ್ಣಿನ ದಿಣ್ಣೆಯ ಮೇಲಿನ ಹಳ್ಳಿ. ಕಡಲು ಒಂದು ಚಳಿಗಾಲಕ್ಕೆ ಒಂದು ಹೊಲ, ಇನ್ನೊಂದು ಚಳಿಗಾಲಕ್ಕೆ ಒಂದು ಓಣಿ ಎಂಬಂತೆ ಅದನ್ನು ತಿನ್ನುತ್ತಾ ಬಂತು. ಕೊನೆಗೆ ಉಳಿದದ್ದು ಚರ್ಚು, ಬಿರುಗಾಳಿಯ ಒಂದು ದಿನ ಅದೂ ಜಾರಿ ನೀರಿಗೆ ಹೋಯಿತು. ಭೂಪಟದಲ್ಲಿ ಈಗ ಆ ಜಾಗ ಬರೀ ನೀಲಿ. ಹಕ್ಕಿತಿಟ್ಟು ಎಂಬ ಹೆಸರು ಈಗ ಯಾವ ನೆಲದ ಮೇಲೂ ಇಲ್ಲ, ಕೆಲವು ಮನುಷ್ಯರ ಮೇಲೆ ಮಾತ್ರ ಉಳಿದಿದೆ.

"ಹಳ್ಳಿಯಲ್ಲಿ ಇರುವ ತನಕ ಅಲ್ಲಿ ಯಾರಿಗೂ ಆ ಹೆಸರು ಇರಲಿಲ್ಲ, ಗರ್ಲ್," ಎನ್ನುತ್ತಿದ್ದರು. "ಯಾಕೆ ಹೇಳು? ಎಲ್ಲರೂ ಅಲ್ಲಿಯವರೇ. ಒಬ್ಬ ಕುಂಟ, ಒಬ್ಬ ಕೆಂಚ, ಒಬ್ಬ ಕಮ್ಮಾರ. ಊರು ಬಿಟ್ಟು ಒಳನಾಡಿಗೆ ಬಂದಾಗ ಅಲ್ಲಿಯವರು ಕೇಳಿದರು, ಯಾರಿವನು? ಅವನಾ, ಹಕ್ಕಿತಿಟ್ಟಿನವನು. ಹಾಗೆ ಬಂತು ಹೆಸರು. ಬಿಟ್ಟ ಮೇಲೆ."

ಇದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು, ಆ ಹಳ್ಳಿಯಿಂದ ಕಳೆದ ವಾರವಷ್ಟೇ ಬಂದವರ ಹಾಗೆ. ಅವರು ಇಂಗ್ಲೆಂಡನ್ನು ಕಂಡವರೇ ಅಲ್ಲ. ಅವರ ತಂದೆಯೂ ಕಂಡಿರಲಿಲ್ಲ. ತಂದೆ ಬಂದರಿನಲ್ಲಿ ಹಡಗುಗಳನ್ನು ಎಳೆದು ತರುವ ದೋಣಿಯ ಮೇಲೆ ಕೆಲಸ ಮಾಡಿದವರು, ಕಡಲ ಗಾಳಿಗೆಂದು ಇಲ್ಲಿ ಮನೆ ಕಟ್ಟಿದವರು. ಮೊದಲು ಬಂದವನು ಮುತ್ತಜ್ಜನ ತಂದೆಯಂತೆ, ಹಡಗಿನ ಅಧಿಕಾರಿಯಂತೆ, ಹಕ್ಕಿತಿಟ್ಟಿನ ಹಳೆಯ ರಕ್ತದವನಂತೆ. ಮಿಸ್ ಅವರ ಅಣ್ಣತಮ್ಮಂದಿರು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೇ ತೀರಿಕೊಂಡಿದ್ದರು, ಗಂಡು ಸಂತಾನವಿರಲಿಲ್ಲ. ಹಾಗಾಗಿ ಈ ಊರಲ್ಲಿ ಹೆಸರು ಇವರೊಬ್ಬರ ಮೇಲೆ ನಿಂತಿತ್ತು. ಫೋನು ಬಂದರೆ ಹಲೋ ಎನ್ನದೆ ಆ ಹೆಸರನ್ನೇ ಹೇಳುತ್ತಿದ್ದರು, ಗಂಟೆ ಹೊಡೆದಂತೆ ಸ್ಪಷ್ಟವಾಗಿ.

ಅಜ್ಜಿಯ ಅತ್ತೆಮನೆಯ ಊರೂ ನೀರಿನಡಿ ಹೋದದ್ದೇ. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅದೊಂದು. ನನ್ನ ಹೆಸರಿನ ಮುಂದಿದ್ದ ಎರಡು ಅಕ್ಷರಗಳಲ್ಲಿ ಮೊದಲನೆಯದು ಆ ಊರಿನದು, ಎರಡನೆಯದು ಅಪ್ಪನದು. ಚೆನ್ನೈನ ಶಾಲೆಯಲ್ಲಿ ಒಂದೇ ಸಾಕು ಎಂದು ಊರಿನದನ್ನು ಬಿಟ್ಟಿದ್ದರು, ನಾನೂ ಸುಮ್ಮನಿದ್ದೆ. ಮಿಸ್‌ಗೆ ಇದು ತಿಳಿದಾಗ ಎರಡು ಊರುಗಳನ್ನೂ ಜೋಡಿ ಮಾಡಿಬಿಟ್ಟರು. ಅಜ್ಜಿ ಒಪ್ಪಲಿಲ್ಲ.

"ಕಡಲು ಹಿಂದೆ ಹೋದಾಗ ನಮ್ಮ ಚರ್ಚ್ ಬೆಲ್ ಕೇಳತ್ತಾಮ್ ಪಾಟಿ. ನೀರೊಳಗೆ."

"ಯಾರ್ರೀ ಬಾರಿಸ್ತಾರೆ, ಮೀನುಗಳಾ?"

"ಅಯ್ಯೋ ಪಾಟಿ, ಅದು ಕಥೆ ದಾನೇ!"

"ಕಥೆ ಅಂತ ಮೊದ್ಲೇ ಹೇಳ್ಬೇಕು. ನಮ್ಮೂರ ಗುಡಿ ಕಥೆಯಲ್ಲ. ಬಿರುಬೇಸಿಗೇಲಿ ನೀರು ಇಳಿದಾಗ ನಮ್ಮತ್ತೆ ಕಣ್ಣಾರೆ ಕಂಡಿದ್ರು ಅದರ ಕಲ್ಲನ್ನ. ಗಂಟೆಗಿಂಟೆ ಏನೂ ಇಲ್ಲ. ಕಾಗೆ ಕೂತಿತ್ತಂತೆ."

ನನಗೆ ಮಾತ್ರ ಆ ಸಂಜೆಗಳಲ್ಲಿ ಎರಡೂ ಒಂದೇ ನೀರಾಗುತ್ತಿದ್ದವು. ಪುಸ್ತಕ ತೊಡೆಯ ಮೇಲೆ, ಬೆನ್ನು ಬಿಸಿಲಿಗೆ ಕಾದ ಗೋಡೆಗೆ. ಅರೆಗಣ್ಣಿನಲ್ಲಿ ನೋಡಿದರೆ ಬೀದಿಯ ಕೊನೆಯ ಬೆಳಕಿನಡಿ ಚರ್ಚಿನ ಗೋಪುರವೂ ಗುಡಿಯ ಕಲಶವೂ ಪಕ್ಕಪಕ್ಕದಲ್ಲಿ ನಿಂತಿರುತ್ತಿದ್ದವು. ನಡುವೆ ಮೀನುಗಳು ಓಣಿಯಲ್ಲಿ ನಡೆದಂತೆ ನಿಧಾನವಾಗಿ ಹೋಗುತ್ತಿದ್ದವು. ಅಮ್ಮ ಮಹಡಿಯಿಂದ ಊಟಕ್ಕೆ ಕರೆದಾಗ ಏಳುವುದಕ್ಕೆ ಕಷ್ಟವಾಗುತ್ತಿತ್ತು.

ನವೆಂಬರಿನಲ್ಲಿ ಕ್ರೈಸ್ತರು ಸಮಾಧಿಗಳಿಗೆ ಸುಣ್ಣ ಬಳಿದು ಹೂವಿಡುವ ದಿನ ಬರುತ್ತದೆ. ಚೆನ್ನೈನ ರಾಯಪುರಂ ಆಚೆಗಿನ ಹಳೆಯ ಸ್ಮಶಾನದಲ್ಲಿ ಅವರ ಕುಟುಂಬದ ಕಲ್ಲು ಇತ್ತು. ಮೇಲೆ ಮನೆತನದ ಹೆಸರು ಒಂದೇ ಸಲ, ದೊಡ್ಡದಾಗಿ. ಕೆಳಗೆ ಸತ್ತವರ ಸ್ವಂತ ಹೆಸರುಗಳು ಒಂದರಡಿ ಒಂದು. ಅಲ್ಲಿ ಹೊಸ ಜಾಗ ಕೊಡುವುದಿಲ್ಲ, ಆದರೆ ಕುಟುಂಬದ ಕಲ್ಲಿದ್ದವರು ತಮ್ಮವರ ಮೇಲೇ ಮಲಗಬಹುದು. ನಾನು ಹೂವಿನ ಚೀಲ ಹಿಡಿದು ಅವರ ಜೊತೆ ಹೋಗುತ್ತಿದ್ದೆ. ಅವರು ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದುತ್ತಿದ್ದರು, ತರಗತಿಯಲ್ಲಿ ಹಾಜರಿ ಕೂಗಿದಂತೆ. ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ, "ಇದು ನನ್ನದು. ಒಳ್ಳೆಯ ಸೀಟು," ಎನ್ನುತ್ತಿದ್ದರು.

ನಾನು ಹನ್ನೊಂದನೆಯ ತರಗತಿಯಲ್ಲಿದ್ದಾಗ ಇಂಗ್ಲೆಂಡಿನಿಂದ ಒಬ್ಬರು ಬರುತ್ತಾರೆಂದು ಗೊತ್ತಾಯಿತು. ಅವರದೂ ಅದೇ ಹೆಸರು. ನಿವೃತ್ತ ಮೇಷ್ಟರು, ಆ ಹೆಸರಿನವರು ಜಗತ್ತಿನಲ್ಲಿ ಎಲ್ಲೆಲ್ಲಿ ಉಳಿದಿದ್ದಾರೆ ಎಂದು ಹುಡುಕುವುದೇ ಈಗ ಅವರ ಕೆಲಸ. ಮಿಸ್ ಗೇಟಿನ ಹಲಗೆಗೆ ಹೊಸ ಬಣ್ಣ ಹಚ್ಚಿಸಿದರು. ಮಹಡಿ ಹತ್ತಿ ಬಂದು ಅಜ್ಜಿಗೆ ಹೇಳಿದರು, "ಪಾಟಿ, ನಮ್ಮ ಫ್ಯಾಮಿಲಿಯವರು ಬರ್ತಾರೆ. ಫಸ್ಟ್ ಟೈಮ್."

"ಅಂದ್ರೆ ತೌರಿನೋರು!" ಅಜ್ಜಿ ಎದ್ದೇಬಿಟ್ಟರು.

ಅಮ್ಮನಿಗೆ ನಗು. "ಅವರಿಗೆ ಮದುವೆನೇ ಆಗಿಲ್ಲ. ತೌರು ಎಲ್ಲಿಂದ ಬಂತು ಅತ್ತೆ?"

"ಹೆಣ್ಣು ಅಂದ್ಮೇಲೆ ತೌರು ಇದ್ದೇ ಇರತ್ತೆ ಕಣೇ. ಗಂಡ ಇಲ್ದಿದ್ರೆ ತೌರೂ ಇಲ್ಲ ಅಂತ ಯಾವ ಶಾಸ್ತ್ರದಲ್ಲಿದೆ? ಬೇಳೆ ನೆನೆಹಾಕು, ಹೋಳಿಗೆ ಆಗ್ಬೇಕು."

ನಮ್ಮ ಕಡೆ ತವರಿನಿಂದ ಅಣ್ಣ ಬಂದರೆ ಬರಿಗೈಯಲ್ಲಿ ಬರುವುದಿಲ್ಲ, ತಂಗಿಗೆ ಸೀರೆ, ಅರಿಶಿನ ಕುಂಕುಮ, ಹೂವು ತರುತ್ತಾನೆ. ಇಂಗ್ಲಿಷಿನವನಿಗೆ ಇದು ಗೊತ್ತಿರಲಾರದು ಎಂದು ಅಜ್ಜಿಗೆ ಚಿಂತೆಯಾಯಿತು. ತಮ್ಮ ಟ್ರಂಕಿನಿಂದ ತಿಳಿಹಸಿರಿನ ಒಂದು ರೇಷ್ಮೆ ಸೀರೆ ತೆಗೆದು, ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ತಟ್ಟೆಯಲ್ಲಿಟ್ಟು ಸಿದ್ಧ ಮಾಡಿಕೊಂಡರು.

ಬಂದವರು ತೆಳ್ಳಗಿನ, ಉದ್ದನೆಯ ಮನುಷ್ಯ. ಬಿಸಿಲಿಗೆ ಕಿವಿ ಕೆಂಪಾಗಿತ್ತು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆತ್ತದ ಕುರ್ಚಿಯ ತುದಿಯಲ್ಲಿ ಕೂತರು. ಏನೋ ಹೇಳಬೇಕೆಂದು ಬಂದು ಹೇಗೆ ಎಂದು ತಿಳಿಯದೆ ಇದ್ದವರ ಹಾಗೆ. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ ತಟ್ಟೆಯನ್ನು ಅವರ ಕೈಗಿತ್ತು, ಮಿಸ್‌ ಕಡೆ ತೋರಿಸಿ, "ಕೊಡಪ್ಪಾ, ಕೊಡು. ಎರಡೂ ಕೈಯಲ್ಲಿ," ಎಂದರು.

ಅವರು ನನ್ನ ಮುಖ ನೋಡಿದರು. ತಂಗಿಯನ್ನು ನೋಡಲು ಬಂದ ಅಣ್ಣ ಸೀರೆ ಕೊಡುವುದು ನಮ್ಮ ಪದ್ಧತಿ ಎಂದು ನಾನು ಹೇಳಿದೆ. ಕಿವಿಯ ಕೆಂಪು ಕತ್ತಿಗೂ ಇಳಿಯಿತು. ಆದರೂ ಎದ್ದು ನಿಂತು, ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಕೊಟ್ಟರು. ಜೀವನವಿಡೀ ಫ್ರಾಕು ತೊಟ್ಟ ಮಿಸ್ ಆ ಸೀರೆಯನ್ನು ಮಗುವನ್ನು ಎತ್ತಿಕೊಂಡಂತೆ ತೋಳಿನ ಮೇಲೆ ಹಾಕಿಕೊಂಡು ಕೂತರು.

ಹೋಳಿಗೆ ತಿಂದ ಮೇಲೆ ಬಂದವರು ಹೇಳಬೇಕಾದದ್ದನ್ನು ಹೇಳಿದರು. ಮಾತು ಮೃದುವಾಗಿತ್ತು, ಆದರೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮದರಾಸಿನ ಹಕ್ಕಿತಿಟ್ಟಿನವರ ಮೊದಲಿಗ ಹಡಗಿನ ಅಧಿಕಾರಿಯಲ್ಲ. ಅವನೊಬ್ಬ ಅನಾಥ ಹುಡುಗ. ಸೈನಿಕರ ಮಕ್ಕಳಿಗಾಗಿ ಇದ್ದ ಅನಾಥಾಲಯಕ್ಕೆ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದು ಬಿಟ್ಟವನು ಫಿರಂಗಿ ಪಡೆಯ ಒಬ್ಬ ಸಿಪಾಯಿ. ಹಕ್ಕಿತಿಟ್ಟಿನವನು ಆ ಸಿಪಾಯಿ. ದಂಡಿನ ಜೊತೆ ಹೋದವನು ಹಿಂದಿರುಗಲಿಲ್ಲ, ಮದುವೆಯೂ ಆಗಿರಲಿಲ್ಲ. ಮಗುವನ್ನು ಅವನು ಎಲ್ಲಿಂದ ಎತ್ತಿಕೊಂಡ, ಅದು ಯಾರದು, ಯಾರಿಗೂ ತಿಳಿಯದು. ಮಗುವಿಗೆ ಹೆಸರಿರಲಿಲ್ಲ, ತಂದವನ ಹೆಸರನ್ನೇ ಇಟ್ಟರು.

"ಆದ್ದರಿಂದ ರಕ್ತದ ಲೆಕ್ಕದಲ್ಲಿ ನಾವು..." ಎಂದು ನಿಲ್ಲಿಸಿದರು. "ಕ್ಷಮಿಸಿ. ತಿಳಿದೂ ಹೇಳದೆ ಹೋಗುವುದು ಸರಿಯೆನಿಸಲಿಲ್ಲ."

ಅಜ್ಜಿ ಏನಂತೆ ಎಂದು ನನ್ನನ್ನು ತಿವಿಯುತ್ತಿದ್ದರು. ಮಿಸ್ ಕನ್ನಡಕ ತೆಗೆದರು. ಒರೆಸಿದರು, ಒರೆಸುತ್ತಲೇ ಇದ್ದರು.

"ಪಾಟಿಗೂ ಹೇಳು, ಗರ್ಲ್. ಸರಿಯಾಗಿ ಹೇಳು. ಏನೂ ಬಿಡಬೇಡ."

ಹೇಳಿದೆ. ನಾನು ಮಾಡಿದ ಮೊದಲ ಅನುವಾದ ಅದು. ಆಮೇಲೆ ಅದೇ ನನ್ನ ಓದು, ಅದೇ ನನ್ನ ಕೆಲಸವಾಯಿತು. ಅಷ್ಟು ಭಾರದ್ದನ್ನು ಮತ್ತೆ ಮಾಡಿಲ್ಲ. ಅಜ್ಜಿ ಪೂರ್ತಿ ಕೇಳಿ, ಬಂದವರ ಕಡೆ ತಿರುಗಿದರು.

"ಸೀರೆ ಕೊಟ್ಟಾಯ್ತಲ್ಲ," ಎಂದರು. "ಕೊಟ್ಟ ಮೇಲೆ ಮುಗೀತು. ಇನ್ನು ಇವನು ಅಣ್ಣ ಅಲ್ಲ ಅಂದ್ರೆ ನಾನು ಕೇಳೋಳಲ್ಲ. ಹೇಳು ಅವನಿಗೆ ಇಂಗ್ಲಿಷ್‌ನಲ್ಲಿ."

ಅದನ್ನೂ ಹೇಳಿದೆ. ಅವರು ತಟ್ಟೆಯಲ್ಲಿ ಉಳಿದ ತೆಂಗಿನಕಾಯಿಯನ್ನು ನೋಡಿ ನನ್ನನ್ನು ಕೇಳಿದರು, "ಅಣ್ಣನಾದವನು ಇನ್ನೇನು ಮಾಡಬೇಕು?"

"ವರ್ಷಕ್ಕೊಂದ್ಸಲ ಗೌರಿ ಹಬ್ಬಕ್ಕೆ ತಂಗೀನ ನೆನೆಸ್ಕೋಬೇಕು. ಅಷ್ಟೇ," ಎಂದರು ಅಜ್ಜಿ. ಗೌರಿ ಎಂದರೆ ಯಾರು, ಯಾವ ತಿಂಗಳು ಎಂದು ಅವರು ವಿಚಾರಿಸಿಕೊಂಡು ಹೋದರು.

ಮಿಸ್‌ಗೆ ಇದರಿಂದ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ವಾರ ಗೇಟಿನ ಹಲಗೆ ಇರಲಿಲ್ಲ, ಹೊಸ ಬಣ್ಣದ್ದು. ತಿರುಪು ಬಿಚ್ಚಿದ ಗುರುತು ಮಾತ್ರ ಉಳಿದಿತ್ತು. ಫೋನು ಬಂದರೆ ಹಲೋ ಎನ್ನುತ್ತಿದ್ದರು, ಎಲ್ಲರ ಹಾಗೆ. ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಆದರೆ ಕಥೆಯಿಲ್ಲ. ಕಡಲಿನ ಸದ್ದು ಮಾತ್ರ. ಆ ವರ್ಷ ಸ್ಮಶಾನದಲ್ಲಿ ಅವರು ಯಾವ ಹೆಸರನ್ನೂ ಓದಲಿಲ್ಲ. ಹೂವಿಟ್ಟು, ಖಾಲಿ ಜಾಗದ ಮೇಲೆ ಕೈಯಿಟ್ಟು ನಿಂತರು.

"ನನ್ನನ್ನು ಇಲ್ಲಿ ಮಲಗಿಸಬೇಡಿ, ಗರ್ಲ್," ಎಂದರು. "ಬೇರೆ ಎಲ್ಲಾದರೂ ಸರಿ. ಬರೀ ನನ್ನ ಹೆಸರು ಹಾಕಿ. ಈ ದೊಡ್ಡದರ ಕೆಳಗೆ ಬೇಡ. ಇದು ನನ್ನದಲ್ಲ."

"ನಿಮ್ಮ ಅಮ್ಮ ಅಪ್ಪ ಎಲ್ಲ ಇಲ್ಲಿದ್ದಾರಲ್ಲ, ಮಿಸ್."

"ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು."

ಬೇರೆಯವರಾಗಿದ್ದರೆ ಆಗಲೇ ಏನಾದರೂ ಹೇಳಿ ತಬ್ಬಿಕೊಳ್ಳುತ್ತಿದ್ದರೇನೋ. ನಾನು ಸುಮ್ಮನೆ ಚೀಲ ಹಿಡಿದುಕೊಂಡು ನಿಂತೆ. ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಕೆಳಗಿಳಿದು ಹೋಗಿ, ಅವರ ಎದುರಿಗೆ ಮೆಟ್ಟಿಲ ಮೇಲೆ ಕೂತು, ಸೊಪ್ಪು ಬಿಡಿಸುತ್ತಾ ಬೈದರು.

"ಏನ್ರೀ ಮಿಸ್ಸು, ಇಷ್ಟು ಓದಿದ್ದೀರಿ. ಹೆತ್ತೋನು ಯಾರೋ, ಬಿಟ್ಟುಹೋದ. ಹೊತ್ತುಕೊಂಡು ಬಂದೋನು ಹೆಸರು ಕೊಟ್ಟ. ಯಾವ ಹೆಸರು ದೊಡ್ಡದು?"

"ಅವನು ಕೊಡಲಿಲ್ಲ ಪಾಟಿ. ಬೇರೆಯವರು ಹಾಕಿಬಿಟ್ಟರು."

"ಬೇರೆಯವರು ಹಾಕದೆ ಹೆಸರು ಎಲ್ಲಾದ್ರೂ ಬರತ್ತಾ? ನಂಗೆ ಮದುವೆಯಾದಾಗ ಅತ್ತೆಮನೇಲಿ ಬೇರೆ ಹೆಸರಿಟ್ರು. ಹುಟ್ಟಿದ ಹೆಸರು ಕರೆಯೋರು ಈಗ ಒಬ್ರೂ ಇಲ್ಲ. ಹಾಗಂತ ನಾನು ನಾನಲ್ವಾ?"

ಮಿಸ್ ಅಜ್ಜಿಯ ಹುಟ್ಟಿದ ಹೆಸರು ಏನೆಂದು ಮಾತ್ರ ಕೇಳಿದರು. ಅಜ್ಜಿ ಸುತ್ತ ನೋಡಿ, ಅವರ ಕಿವಿಯ ಹತ್ತಿರ ಹೋಗಿ ಹೇಳಿದರು. ನನಗೆ ಕೇಳಿಸಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಮುಂದಿನ ಗೌರಿ ಹಬ್ಬದ ಆಸುಪಾಸಿಗೆ ಇಂಗ್ಲೆಂಡಿನಿಂದ ಪೊಟ್ಟಣ ಬಂತು. ಒಳಗೆ ಬಿಸ್ಕತ್ತಿನ ಡಬ್ಬಿ, ಅದರ ಮೇಲೆ ಉಣ್ಣೆಯ ಒಂದು ಶಾಲು. ಚೆನ್ನೈನಲ್ಲಿ ಉಣ್ಣೆಯ ಶಾಲು! ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಜ್ಜಿ ನಗಲಿಲ್ಲ. "ನೋಡಿದ್ರಾ, ಮರೀಲಿಲ್ಲ," ಎಂದು ಹೊದಿಸಿಯೇಬಿಟ್ಟರು. ಮಿಸ್ ಬೆವರುತ್ತಾ ಕೂತಿದ್ದರು, ತೆಗೆಯಲಿಲ್ಲ. ಪ್ರತಿವರ್ಷವೂ ಆ ಕಾಲಕ್ಕೆ ಏನಾದರೊಂದು ಬರುತ್ತಿತ್ತು.

ಈ ನಡುವೆ ಕಡಲು ಹತ್ತಿರ ಬರುತ್ತಿತ್ತು. ನಾವು ಹೋದಾಗ ಎದುರಿಗೆ ಎರಡು ಬೀದಿ ಇದ್ದವು ಎಂದೆನಲ್ಲ, ಮೊದಲನೆಯದು ಒಂದು ಮಳೆಗಾಲದಲ್ಲಿ ಹೋಯಿತು. ಗೋಡೆಗಳು ಒಂದೇ ಸಲ ಬೀಳಲಿಲ್ಲ, ಮಂಡಿಯೂರಿದಂತೆ ನಿಧಾನವಾಗಿ ಬಗ್ಗಿದವು. ಒಂದು ಮನೆಯ ನೀಲಿ ಬಾಗಿಲು ಚೌಕಟ್ಟಿನ ಸಮೇತ ಮರಳಲ್ಲಿ ನಿಂತೇ ಇತ್ತು, ಅಲೆ ಅದರೊಳಗಿನಿಂದ ಬಂದು ಅದರೊಳಗಿನಿಂದಲೇ ಹೋಗುತ್ತಿತ್ತು. ದೊಡ್ಡ ದೊಡ್ಡ ಕಲ್ಲುಬಂಡೆಗಳನ್ನು ಲಾರಿಯಲ್ಲಿ ತಂದು ಸುರಿದರು. ಮಿಸ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಇದನ್ನು ನಾನು ಮೊದಲೇ ಕೇಳಿದ್ದೇನೆ," ಎಂದರು ಒಂದು ದಿನ. ಆ ಕಥೆಯ ನೆನಪನ್ನು ಅವರು ಎತ್ತಿದ್ದು ಎಷ್ಟೋ ಕಾಲದ ಮೇಲೆ.

ಎರಡನೆಯ ಬೀದಿಯ ಕೊನೆಯ ಮನೆಗಳಿಗೆ ನೀರು ಮುಟ್ಟಿದಾಗ ಅಪ್ಪ ಕಡಲಿನಿಂದ ದೂರದ ವೇಲಚೇರಿಯಲ್ಲಿ ಮನೆ ನೋಡಿದರು. ಕೆಲಸವೂ ಆ ಕಡೆಗೆ ಬದಲಾಗಿತ್ತು. ಮಿಸ್ ಬರುವುದಿಲ್ಲ ಎಂದರು. ಅಜ್ಜಿ ಅವರ ಅಡುಗೆಮನೆಗೆ ಹೋಗಿ ಪಾತ್ರೆ ಕಟ್ಟತೊಡಗಿದರು.

"ಪಾಟಿ, ನಾನು ಬರಲ್ಲ ಅಂದೆ ಮಾ."

"ನೀವು ಬರೋದು ಬೇಡ. ಪಾತ್ರೆ ಬರ್ಲಿ. ಊಟದ ಹೊತ್ತಿಗೆ ನೀವೇ ಹುಡುಕ್ಕೊಂಡು ಬರ್ತೀರಿ."

ಹಾಗೆ ಅವರೂ ಬಂದರು. ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ, ಒಂದು ಕೋಣೆ ಹಿಡಿದರು. ತಿರುವೊಟ್ಟಿಯೂರಿನ ಮನೆ ಸ್ವಲ್ಪ ಕಾಲ ಖಾಲಿ ನಿಂತಿತ್ತು. ಒಂದು ಡಿಸೆಂಬರಿನ ಕೊನೆಗೆ ಇಡೀ ಕರಾವಳಿಯ ಮೇಲೆ ಕಡಲು ಎದ್ದು ಬಂತಲ್ಲ, ಆ ಬೆಳಿಗ್ಗೆಯ ನಂತರ ಅದು ಇರಲಿಲ್ಲ. ಮಾರನೆಯ ಮಳೆಗಾಲದಲ್ಲಿ ವೇಲಚೇರಿಯ ನಮ್ಮ ಬೀದಿಯಲ್ಲೂ ಮೊಣಕಾಲ ಮಟ್ಟ ನೀರು ನಿಂತಿತು. ಮಿಸ್ ಫ್ರಾಕು ಎತ್ತಿ ಹಿಡಿದು ನೀರಲ್ಲಿ ನಡೆದು ಬಂದು ನಮ್ಮ ಬಾಗಿಲಲ್ಲಿ ನಿಂತು, "ಪಾಟಿ, ಇಲ್ಲೂ ಬಂದುಬಿಡ್ತು. ಅಡ್ರೆಸ್ ಯಾರು ಕೊಟ್ಟರು?" ಎಂದರು.

ಆ ಮಳೆ ನಿಂತ ಮೇಲಿನ ಒಂದು ಮಧ್ಯಾಹ್ನ ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ತಿಳಿಯಾಗಿ ಉಳಿದಿದೆ. ನಾನು ಆಗ ಎಂ.ಎ. ಓದುತ್ತಿದ್ದೆ, ಬಾಗಿಲ ಬಳಿ ಕೂತಿದ್ದೆ. ಮಿಸ್ ಸೊಪ್ಪಿನ ಕಟ್ಟು ಹಿಡಿದು ಬೀದಿಯಲ್ಲಿ ಬರುತ್ತಿದ್ದರು. ಮುಖದಲ್ಲಿ ಏನೋ ಇತ್ತು. ಹತ್ತಿರ ಬಂದು, ಯಾರೂ ಮಾತಾಡಿಸದೆಯೇ, ಕನ್ನಡಕ ತೆಗೆದು ಒರೆಸಿದರು. ಅಲ್ಲಿ ಉಪ್ಪಿನ ಗಾಳಿಯಿಲ್ಲ, ಗಾಜು ಶುಭ್ರವಾಗಿತ್ತು. ಆದರೂ ಒರೆಸಿದರು.

"ಗರ್ಲ್, ಸೊಪ್ಪಿನವಳು ಪಕ್ಕದವಳಿಗೆ ಏನು ಹೇಳಿದಳು ಗೊತ್ತಾ? 'ತಿರುವೊಟ್ಟಿಯೂರ್ ಅಮ್ಮಾಕು ಮೊದಲ್ಲೆ ಕುಡು' ಅಂದಳು. ತಿರುವೊಟ್ಟಿಯೂರಿನ ಅಮ್ಮನಿಗೆ ಮೊದಲು ಕೊಡು ಅಂತ. ಇಸ್ತ್ರಿಯವನೂ ಹಾಗೇ ಅನ್ನುತ್ತಾನಂತೆ. ಇಡೀ ಬೀದಿ ಹಾಗೇ ಕರೆಯುತ್ತದಂತೆ. ನನಗೇ ಗೊತ್ತಿರಲಿಲ್ಲ."

ನಾನು ಸರಿದು ಅವರಿಗೆ ಜಾಗ ಬಿಟ್ಟೆ.

"ಅಲ್ಲಿ ಅಷ್ಟು ವರ್ಷ ಇದ್ದೆ. ಒಬ್ಬರಾದರೂ ಹಾಗೆ ಕರೆದರಾ? ಈಗ ಬಿಟ್ಟು ಬಂದೆ, ಬಂತು." ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ನಿಧಾನವಾಗಿ, ತರಗತಿಯಲ್ಲಿ ಪಾಠ ಮುಗಿಸುವ ದನಿಯಲ್ಲಿ ಹೇಳಿದರು, "ಅವನಿಗೂ ಹೀಗೇ. ಆ ಮೊದಲ ಹಕ್ಕಿತಿಟ್ಟಿನವನಿಗೆ. ಒಳನಾಡಿನ ಯಾರೋ ಸೊಪ್ಪಿನವಳು ಕೊಟ್ಟದ್ದು. ಅವನ ರಕ್ತದಲ್ಲಿ ಇರಲಿಲ್ಲ. ಆ ಹುಡುಗನಿಗೆ ಅನಾಥಾಲಯದವರು ಕೊಟ್ಟರು. ನನಗೆ ನನ್ನ ಅಪ್ಪ ಕೊಟ್ಟ. ಎಲ್ಲಾ ಕೊಟ್ಟದ್ದೇ, ಗರ್ಲ್. ಒಬ್ಬರದೂ ಸ್ವಂತದ್ದಲ್ಲ. ನಾನು ಎಷ್ಟು ವರ್ಷ ಈ ಪಾಠ ಹೇಳಿದೆ, ನೋಡು. ನನಗೇ ಅರ್ಥವಾಗಿರಲಿಲ್ಲ."

ಒಳಗಿನಿಂದ ಅಜ್ಜಿಯ ದನಿ ಬಂತು, "ಇದನ್ನೇ ಅಲ್ವಾ ನಾನು ಅವತ್ತು ಸೊಪ್ಪು ಬಿಡಿಸ್ತಾ ಹೇಳಿದ್ದು? ಮಾರೋಳು ಹೇಳಿದ್ರೆ ಕೇಳ್ತೀರಿ, ಬಿಡಿಸೋಳು ಹೇಳಿದ್ರೆ ಕೇಳಲ್ಲ."

ಮಿಸ್ ನಕ್ಕರು. ಅಷ್ಟು ದೀರ್ಘವಾಗಿ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅದೇ ವಾರ ಹಳೆಯ ಹಲಗೆ ಅವರ ಕೋಣೆಯ ಬಾಗಿಲ ಮೇಲೆ ಬಂತು. ಫೋನು ಎತ್ತಿದಾಗ ಮತ್ತೆ ಆ ಗಂಟೆಯ ದನಿ. ನವೆಂಬರಿನಲ್ಲಿ ಸ್ಮಶಾನಕ್ಕೆ ಹೋಗಿ ಎಲ್ಲರ ಹಾಜರಿ ಕೂಗಿದರು. ಮುಗಿದ ಮೇಲೆ, ಆ ಕಲ್ಲಿನಲ್ಲಿ ಹೆಸರಿಲ್ಲದ ಸಿಪಾಯಿಯನ್ನೂ ಕೂಗಿದರು. ಅವನ ಸ್ವಂತ ಹೆಸರು ಗೊತ್ತಿರಲಿಲ್ಲವಾದ್ದರಿಂದ, "ಹೊತ್ತು ತಂದವನು," ಎಂದು ಅಜ್ಜಿಯ ಕನ್ನಡದಲ್ಲಿ ಕೂಗಿದರು. ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದರು. ಅದು ಮತ್ತೆ ಅವರದಾಯಿತು ಎಂದು ನನಗೆ ತಿಳಿಯಿತು.

ನಾನೂ ಆ ಚಳಿಗಾಲದಲ್ಲಿ ಒಂದು ಕೆಲಸ ಮಾಡಿದೆ. ಯಾರಿಗೂ ಹೇಳಲಿಲ್ಲ. ನನ್ನ ಮೊದಲ ಅನುವಾದ ಅಚ್ಚಾಗುವುದಿತ್ತು. ಹೆಸರಿನ ಮುಂದೆ, ಶಾಲೆಯಲ್ಲಿ ಕಳೆದುಹೋದ ಊರಿನ ಅಕ್ಷರವನ್ನು ಮತ್ತೆ ಸೇರಿಸಿದೆ. ನಾನು ಕಾಣದ ಊರು, ಕಾಗೆ ಕೂತಿದ್ದ ಕಲ್ಲು. ಮಿಸ್ ಅಚ್ಚಾದದ್ದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಆ ಅಕ್ಷರದ ಮೇಲೆ ಬೆರಳಿಟ್ಟು, "ಗುಡ್ ಮಾರ್ನಿಂಗ್," ಎಂದರು, ಗೈರುಹಾಜರಾಗಿದ್ದ ಮಗು ತರಗತಿಗೆ ಬಂದಂತೆ.

ಅಜ್ಜಿ ಹೋದ ಮರುವರ್ಷವೇ ಅವರೂ ಹೋದರು, ಮಧ್ಯಾಹ್ನದ ನಿದ್ದೆಯಲ್ಲಿ, ಕನ್ನಡಕ ಎದೆಯ ಮೇಲೆ. ಪೆಟ್ಟಿಗೆಯಲ್ಲಿ ಮಲಗಿಸುವಾಗ ಅಮ್ಮ ಆ ತಿಳಿಹಸಿರು ಸೀರೆಯನ್ನು ಹುಡುಕಿ ತಂದು ಅವರಿಗೆ ಹೊದಿಸಿದರು. ಅವರು ಅದನ್ನು ಒಂದು ಸಲವೂ ಉಟ್ಟಿರಲಿಲ್ಲ. ಗೌರಿ ಹಬ್ಬಕ್ಕೂ ಕ್ರಿಸ್ಮಸ್ಸಿಗೂ ಕುರ್ಚಿಯ ಬೆನ್ನಿಗೆ ಹರಡಿ, ಅದಕ್ಕೆ ಒರಗಿ ಕೂರುತ್ತಿದ್ದರು. ಇಂಗ್ಲೆಂಡಿಗೆ ನಾನು ಫೋನು ಮಾಡಿದೆ. ಸುದ್ದಿ ಕೇಳಿ ಅವರು, "ನನ್ನ ತಂಗಿ," ಎಂದರು. ಪ್ರಶ್ನೆಯೋ ಹೇಳಿಕೆಯೋ ತಿಳಿಯಲಿಲ್ಲ. ಹೌದು ಎಂದೆ.

ಸ್ಮಶಾನದ ಗೇಟಿನಲ್ಲಿ ಕಾವಲಿನವರು ಕೇಳಿದರು. ಕುಟುಂಬದ ಕಲ್ಲನ್ನು ತೆರೆಯಲು ಕುಟುಂಬದವರು ನಿಂತು ಹೇಳಬೇಕು, ಅದು ಅಲ್ಲಿನ ರೂಢಿ. "ನೀಂಗ ಯಾರುಮ್ಮಾ ಅವಂಗಳುಕ್ಕು?" ನೀವು ಅವರಿಗೆ ಏನಾಗಬೇಕು?

ಅಪ್ಪ ಬಾಡಿಗೆದಾರರು ಎಂದು ಹೇಳಲು ಹೊರಟರು. ನಾನು ಸಾಮಾನ್ಯವಾಗಿ ಮುಂದೆ ಬಂದು ಮಾತಾಡುವವಳಲ್ಲ. ಅಂದು ಮಾತಾಡಿದೆ. "ಪೊರಂದ ವೀಡು," ಎಂದೆ. ತವರಿನವರು.

ಅವರು ನಮ್ಮ ಹಣೆಯ ಕುಂಕುಮವನ್ನು, ಸೀರೆಯನ್ನು, ಹಿಂದೆ ನಿಂತಿದ್ದ ಸೊಪ್ಪಿನವಳನ್ನು, ಇಸ್ತ್ರಿಯವನನ್ನು ನೋಡಿದರು. ಏನು ಯೋಚಿಸಿದರೋ, ಬಾಗಿಲು ತೆರೆದರು.

ಈಗ ನವೆಂಬರಿನಲ್ಲಿ ನಾನು ಒಬ್ಬಳೇ ಹೋಗುತ್ತೇನೆ. ಅಲ್ಲಿಗೂ ಕಡಲ ಗಾಳಿ ಬರುತ್ತದೆ, ಅಕ್ಷರಗಳ ಮೇಲೆ ಉಪ್ಪು ಕೂತಿರುತ್ತದೆ. ದುಪಟ್ಟಾದ ಅಂಚಿನಿಂದ ಒಂದೊಂದನ್ನೇ ಒರೆಸುತ್ತೇನೆ, ಚೆನ್ನಾಗಿ ಕಾಣುವವರೆಗೆ. ಆಮೇಲೆ ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತೇನೆ.